ಪರದೇಶದ ಉಪಕರಣ, ನಮ್ಮೂರ ಕರೆಂಟು
(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪಶು ಆಹಾರ, ಕೆಚ್ಚಲು ಬಾವುಗಳ ಬಗ್ಗೆ ಮಾತನಾಡುವ ವೇದಿಕೆಯಲ್ಲಿ ಕರೆಂಟಿನ ಮಾತೇಕೆ ಎಂದು ತಮಗೆ ಅನ್ನಿಸಬಹುದು. ನಮ್ಮ ಹಳ್ಳಿಗಳ ಮಕ್ಕಳು ಇಂದು ಅಮೆರಿಕದಲ್ಲಿ ಕೆಲಸಕ್ಕಿದ್ದಾರೆ. ರಜೆಗೆ ಬರುವಾಗ ಅವ್ವನಿಗೆ ಮಿಕ್ಸರ್, ಅಜ್ಜನ ಉಬ್ಬಸಕ್ಕೆ ನೆಬ್ಯುಲೈಸರ್ ತರುತ್ತಾರೆ. ಅದನ್ನು ಹಾಗೇ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟ ವಾಸನೆ ಬರಲು ಬಹಳ ಹೊತ್ತು ಬೇಕಿಲ್ಲ.

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ 100 ವೋಲ್ಟ್. ಪರದೇಶದ್ದೆಲ್ಲ ತೊಂದರೆಯದ್ದು ಎಂದಲ್ಲ. ಹಾಲಿನ ಜಿಡ್ಡು ಅಳೆಯುವ ಮಿಲ್ಕೋ ಟೆಸ್ಟರ್ ಡೆನ್ಮಾರ್ಕಿನಲ್ಲಿ ಹುಟ್ಟಿದ ಯಂತ್ರ. ಯುರೋಪಿನ ಕರೆಂಟೂ ನಮ್ಮಂಥದ್ದೇ. ವೋಲ್ಟ್ ಎರಡು ಪಟ್ಟಾದರೆ ಕಾವು ಎರಡು ಪಟ್ಟಾಗುತ್ತದೆ ಎಂದೂ ತಿಳಿಯಬೇಡಿ. ಅಮೆರಿಕದ 1000 ವಾಟಿನ ಹೀಟರ್ ನಮ್ಮ ಪ್ಲಗ್ಗಿನಲ್ಲಿ 3600 ವಾಟಿಗೂ ಹೆಚ್ಚು ಎಳೆಯಲು ಹೋಗುತ್ತದೆ. ಸುಡದೆ ಇನ್ನೇನಾದೀತು?

ಆದ್ದರಿಂದ ಮೊದಲು ಉಪಕರಣದ ಹಿಂಭಾಗದ ಪಟ್ಟಿ ಓದಿ. 'ಇನ್‌ಪುಟ್' ಎಂಬುದರ ಮುಂದೆ '100–240 ವೋಲ್ಟ್, 50/60 ಹರ್ಟ್ಸ್' ಎಂದಿದ್ದರೆ ಚಿಂತೆಯಿಲ್ಲ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಚಾರ್ಜರುಗಳು ಬಹುಪಾಲು ಹೀಗೇ ಇರುತ್ತವೆ. ಪಿನ್ನು ಹೊಂದಿಸಿಕೊಂಡರೆ ಸಾಕು. 'ಔಟ್‌ಪುಟ್ 5 ವೋಲ್ಟ್' ಎಂಬ ಸಾಲು ಬೇರೆ, ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ '120 ವೋಲ್ಟ್' ಎಂದಷ್ಟೇ ಇದ್ದರೆ ನಿಲ್ಲಿ. ಅಂಗಡಿಯಲ್ಲಿ ಸಿಗುವ ಅಗ್ಗದ ಪಿನ್ ಅಡಾಪ್ಟರ್ ಚಪ್ಪಟೆ ಪಿನ್ನನ್ನು ನಮ್ಮ ಸಾಕೆಟ್ಟಿಗೆ ಕೂರಿಸುತ್ತದೆ, ಅಷ್ಟೇ. ವೋಲ್ಟನ್ನು ಅದು ಒಂದಿಷ್ಟೂ ಇಳಿಸುವುದಿಲ್ಲ.

ಇಳಿಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಉಪಕರಣದ ವಾಟಿಗಿಂತ ಅದರ ಸಾಮರ್ಥ್ಯ ಹೆಚ್ಚಿರಲಿ. ಮೋಟಾರು ಇರುವ ಯಂತ್ರವಾದರೆ ಇನ್ನೂ ಧಾರಾಳವಾಗಿರಲಿ, ಮೋಟಾರು ಹೊರಡುವಾಗ ಕೆಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ನಮ್ಮ ಲೈನಿನಲ್ಲಿ ವೋಲ್ಟೇಜ್ 260ಕ್ಕೆ ಏರಿದರೆ ಅರ್ಧಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ 130 ಕೊಡುತ್ತದೆ ಎಂಬುದೂ ನೆನಪಿರಲಿ. ಏರಿಳಿತವಿರುವ ಊರಿನಲ್ಲಿ ಅದರ ಮುಂದೆ ಸ್ಟೆಬಿಲೈಸರ್ ಇರಬೇಕು. ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರಿಗಿಂತ ಎರಡು ಸುರುಳಿ ಬೇರೆಬೇರೆಯಾಗಿರುವುದನ್ನೇ ಕೇಳಿ ಪಡೆಯಿರಿ. ಮೊದಲಿನದರಲ್ಲಿ ತಂತಿ ಕಡಿದರೆ ಪೂರ್ತಿ 230 ವೋಲ್ಟ್ ಉಪಕರಣಕ್ಕೆ ನುಗ್ಗಬಹುದು.

ಇನ್ನು ಹರ್ಟ್ಸ್ ವಿಚಾರ. ಹಾಲು ಕರೆಯುವ ಯಂತ್ರ ಇಟ್ಟಿರುವವರಿಗೆ ಇದು ಬೇಗ ತಿಳಿಯುತ್ತದೆ. ವ್ಯಾಕ್ಯೂಮ್ ಮೀಟರಿನ ಮುಳ್ಳು ಸರಿಯಾದ ಜಾಗದಲ್ಲಿದ್ದರೂ ಪಲ್ಸೇಟರ್ ನಿಧಾನವಾದರೆ ಹಸು ಸರಿಯಾಗಿ ಹಾಲಿಳಿಸುವುದಿಲ್ಲ. ಒತ್ತಡ ಬೇರೆ, ಮಿಡಿತ ಬೇರೆ. ವೋಲ್ಟ್ ಎಂಬುದು ಒತ್ತಡ, ಹರ್ಟ್ಸ್ ಎಂಬುದು ಮಿಡಿತ. ಟ್ರಾನ್ಸ್‌ಫಾರ್ಮರ್ ಒತ್ತಡವನ್ನು ಮಾತ್ರ ಸರಿಮಾಡುತ್ತದೆ. ಅಮೆರಿಕದ ಪ್ಲಗ್ ಗಡಿಯಾರ ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುವುದು ಇದರಿಂದಲೇ. ಗಡಿಯಾರ ಹಿಂದೆ ಬಿದ್ದರೆ ಬೀಳಲಿ, ನಷ್ಟವಿಲ್ಲ.

ಉಸಿರಾಟದ ಯಂತ್ರದ ಮಾತು ಹಾಗಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಹೊರದೇಶಗಳಿಂದ ಆಕ್ಸಿಜನ್ ಕಾನ್ಸೆಂಟ್ರೇಟರುಗಳು ಬಂದದ್ದು ತಮಗೆಲ್ಲ ನೆನಪಿದೆ. ಅವು ಗಾಳಿಯನ್ನು ಒತ್ತಿ, ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಬಿಡುತ್ತವೆ. 60 ಹರ್ಟ್ಸ್‌ಗೆಂದೇ ಮಾಡಿದ ಯಂತ್ರದ ಮೋಟಾರು 50ರಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗುತ್ತದೆ, ಬಿಸಿಯೂ ಹೆಚ್ಚಾಗುತ್ತದೆ. ದೀಪ ಉರಿಯುತ್ತದೆ, ಸದ್ದು ಬರುತ್ತದೆ, ಆದರೆ ರೋಗಿಗೆ ಸಿಗುವ ಆಮ್ಲಜನಕ ಕುಸಿದಿರಬಹುದು. ಮನೆಯವರಿಗೆ ಗೊತ್ತಾಗುವುದು ಹೇಗೆ? ಇಂಥ ಯಂತ್ರ ತರಿಸುವವರು ಮಕ್ಕಳಿಗೆ ಮೊದಲೇ ಫೋನ್ ಮಾಡಿ, '230 ವೋಲ್ಟ್, 50 ಹರ್ಟ್ಸ್' ಮಾದರಿಯನ್ನೇ ಕೇಳಬೇಕು. ಈಗಾಗಲೇ ಮನೆಯಲ್ಲಿದ್ದರೆ ರೋಗಿಗೆ ಹಾಕುವ ಮುನ್ನ ವೈದ್ಯರಿಗೂ ಸರ್ವಿಸ್ ತಂತ್ರಜ್ಞರಿಗೂ ತೋರಿಸಿ.

ಮೈಕ್ರೋವೇವ್ ಒಲೆಯನ್ನಂತೂ ಅಲ್ಲಿಂದ ಹೊತ್ತು ತರುವುದೇ ಬೇಡ. ಅದಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರ್ ಎತ್ತಲು ಇಬ್ಬರು ಬೇಕಾದೀತು!

ಟ್ರಾನ್ಸ್‌ಫಾರ್ಮರನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಗಂಜಲ, ನೀರು ಬಿದ್ದ ನೆಲದಲ್ಲಿ ಹಸುವಿಗೂ ಹಾಲು ಕರೆಯುವವರಿಗೂ ಅಪಾಯ. ಅಮೆರಿಕದ ಎರಡು ಪಿನ್ನಿನ ಉಪಕರಣಕ್ಕೆ ಅರ್ಥಿಂಗ್ ತಂತಿಯೇ ಇರುವುದಿಲ್ಲ; ಒದ್ದೆ ಕೈಯಲ್ಲಿ ಮುಟ್ಟಬಾರದು. ಮನೆಯ ಮೀಟರ್ ಬೋರ್ಡಿನಲ್ಲಿ ಅರ್ಥ್ ಲೀಕೇಜ್ ಬ್ರೇಕರ್ ಇದೆಯೇ ಎಂದು ಇಂದು ಸಂಜೆಯೇ ನೋಡಿಕೊಳ್ಳಿ.

ಕೆಲವರು ಮನೆಯಿಂದ ಚಾರ್ಜರು, ನೆಬ್ಯುಲೈಸರ್ ತಂದಿದ್ದೀರಿ. ಮೇಜಿನ ಮೇಲಿಡಿ, ಒಂದೊಂದರ ಪಟ್ಟಿಯನ್ನೂ ಈಗ ಓದೋಣ.