ಕಲ್ಲು ಮಾತಾಡಿದ ಕಥೆ



ನಮ್ಮ ಎಷ್ಟೋ ಊರುಗಳಲ್ಲಿ ಗುಡಿ ಮುಂದೆ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಒಂದು ಕಲ್ಲು ನಿಂತಿರುತ್ತದೆ. ಅದರ ಮೇಲೆ ಸಾಲು ಸಾಲು ಅಕ್ಷರ. ಅದಕ್ಕೆ ಶಾಸನ ಅಂತೀವಿ. ಕೆಲವರು "ಅದರ ಕೆಳಗೆ ನಿಧಿ ಇದೆ" ಅಂತಾರೆ. ಇನ್ನು ಕೆಲವರು "ಅದನ್ನ ಮುಟ್ಟಬಾರದು, ಕೇಡಾಗುತ್ತೆ" ಅಂತಾರೆ. ಓದೋಕೆ ಬಾರದಿದ್ದರೆ ಹೀಗೇ ಆಗೋದು. ಯಾರು ಏನು ಹೇಳಿದರೂ ನಂಬಬೇಕಾಗುತ್ತದೆ.

ಇದು ನಮ್ಮಂಥವರಿಗೆ ಮಾತ್ರ ಬಂದ ಕಷ್ಟ ಅಲ್ಲ. ಒಂದು ಕಾಲದಲ್ಲಿ ದೊಡ್ಡ ಪಂಡಿತರಿಗೂ ಇದೇ ಕಷ್ಟ ಬಂದಿತ್ತು. ಆ ಕಥೆ ಕೇಳಿ.

ಉತ್ತರ ಭಾರತದಲ್ಲಿ ಅಲ್ಲಲ್ಲಿ ನುಣುಪಾದ ಎತ್ತರದ ಕಲ್ಲಿನ ಕಂಬಗಳಿವೆ. ಅವುಗಳ ಮೇಲೆ ಬಹಳ ಹಳೆಯ ಅಕ್ಷರಗಳಿವೆ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಎಂಬ ಸುಲ್ತಾನ ಅಂಥ ಎರಡು ಕಂಬಗಳನ್ನು ದೆಹಲಿಗೆ ತರಿಸಿದ. ಪಂಡಿತರನ್ನು ಕರೆಸಿ "ಓದಿ" ಅಂದ. ಒಬ್ಬರಿಗೂ ಆಗಲಿಲ್ಲ. ಜನ ಮಾತ್ರ "ಇದು ಭೀಮನ ಕೋಲು" ಅಂತ ಹೇಳಿಕೊಂಡು ಬಂದರು. ಅಕ್ಷರ ಕಣ್ಣೆದುರಿಗೇ ಇತ್ತು. ಓದುವವರೇ ಇರಲಿಲ್ಲ.

ಹೀಗೇ ನೂರಾರು ವರ್ಷ ಕಳೆಯಿತು.

1819ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ಯುವಕ ಕಲ್ಕತ್ತೆಗೆ ಬಂದ. ಆಗ ಅವನ ವಯಸ್ಸು 20. ಅವನ ಕೆಲಸ ನಾಣ್ಯ ಅಚ್ಚು ಹಾಕುವ ಟಂಕಸಾಲೆಯಲ್ಲಿ. ನಾಣ್ಯದ ಬೆಳ್ಳಿ ಬಂಗಾರ ಪರೀಕ್ಷೆ ಮಾಡುವುದು. ಹಳೆಯ ನಾಣ್ಯ ನೋಡುತ್ತಾ ನೋಡುತ್ತಾ ಅವನಿಗೆ ಹಳೆಯ ಅಕ್ಷರಗಳ ಹುಚ್ಚು ಹಿಡಿಯಿತು. ಕಂಬ, ಬಂಡೆಗಳ ಮೇಲಿನ ಬರಹಗಳ ನಕಲು ತರಿಸಿಕೊಂಡ. ಒಂದೊಂದೇ ಅಕ್ಷರ ಬಿಡಿಸಿ ಪಟ್ಟಿ ಮಾಡಿದ.

ಆಗ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಒಂದೇ ಅಕ್ಷರಕ್ಕೆ ಬೇರೆ ಬೇರೆ ಸಣ್ಣ ಗೆರೆಗಳು ಅಂಟಿಕೊಂಡಿದ್ದವು. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಪಕ್ಕಕ್ಕೆ. ಇದು ಏನು ಗೊತ್ತಾಯ್ತಾ? ನಾವು ಕಲಿತ ಕಾಗುಣಿತವೇ! ಕ, ಕಾ, ಕಿ, ಕೀ ಅಂತ ನಾವು ತಿದ್ದಿದೆವಲ್ಲ, ಅದೇ ಕ್ರಮ ಆ ಹಳೆಯ ಕಲ್ಲಿನ ಮೇಲೂ ಇತ್ತು. ಆದರೆ ಯಾವ ಅಕ್ಷರ 'ಕ', ಯಾವುದು 'ದ' ಎನ್ನುವುದು ತಿಳಿಯಬೇಕಿತ್ತು.

1837ರಲ್ಲಿ ಅವನಿಗೆ ಸಾಂಚಿಯಿಂದ ನಕಲುಗಳು ಬಂದವು. ಸಾಂಚಿ ಈಗಿನ ಮಧ್ಯಪ್ರದೇಶದಲ್ಲಿದೆ. ಅಲ್ಲಿ ಬೌದ್ಧರ ದೊಡ್ಡ ಸ್ತೂಪ ಇದೆ. ಅದರ ಸುತ್ತ ಕಲ್ಲಿನ ಕಟಕಟೆ. ಆ ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಬರಹ. ಪ್ರಿನ್ಸೆಪ್ ನೋಡಿದ. ಹೆಚ್ಚಿನ ಬರಹಗಳು ಅದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಕೊನೆಯಲ್ಲಿ ಒಂದು ಚುಕ್ಕೆ.

ಏನಿರಬಹುದು? ಸ್ವಲ್ಪ ನೀವೂ ಯೋಚನೆ ಮಾಡಿ. ನಮ್ಮ ಗುಡಿಯ ಮೆಟ್ಟಿಲ ಮೇಲೆ, ಗಂಟೆಯ ಮೇಲೆ, ಕಡೆಗೆ ಟ್ಯೂಬ್‌ಲೈಟಿನ ಮೇಲೂ ಏನು ಬರೆದಿರುತ್ತದೆ? ಕೊಟ್ಟವರ ಹೆಸರು! ಪ್ರಿನ್ಸೆಪ್ ಕೂಡ ಹಾಗೇ ಊಹಿಸಿದ. ಒಬ್ಬೊಬ್ಬರು ಒಂದೊಂದು ಕಲ್ಲು ಕೊಟ್ಟಿದ್ದಾರೆ, ಕೊನೆಯ ಮಾತು 'ದಾನಂ' ಅಂತ ಇರಬೇಕು. ಚುಕ್ಕೆ ಅಂದರೆ ಸೊನ್ನೆ, 'ಅಂ'. ಹಾಗಾದರೆ 'ದ' ಸಿಕ್ಕಿತು, 'ನ' ಸಿಕ್ಕಿತು. ಆ ಕಾಲದ 'ನ' ಬಹಳ ಸುಲಭ. ಒಂದು ಅಡ್ಡಗೆರೆ, ಅದರ ಮೇಲೆ ನೆಟ್ಟಗೆ ಒಂದು ಗೆರೆ. 'ದಾನಂ'ಗೆ ಮುಂಚೆ ಹಲವು ಕಡೆ ಬರುತ್ತಿದ್ದ ಅಕ್ಷರ 'ಸ'. ಅಂದರೆ 'ಇಂಥವರ' ದಾನ. ಹೀಗೆ ಒಂದರಿಂದ ಇನ್ನೊಂದು ಅಕ್ಷರ ಬಿಡಿಸಿಕೊಳ್ಳುತ್ತಾ ಹೋಯಿತು.

ಆ ಲಿಪಿಯ ಹೆಸರು ಬ್ರಾಹ್ಮಿ. ನಮ್ಮ ಕನ್ನಡ ಲಿಪಿಗೂ ಅದೇ ಮೂಲ.

ಇಲ್ಲಿ ನಾವು ಮರೆಯಬಾರದ ಒಂದು ಮಾತಿದೆ. ಸಾಂಚಿಯಲ್ಲಿ ದಾನ ಕೊಟ್ಟವರಲ್ಲಿ ಅನೇಕರು ಹೆಂಗಸರು. ಸನ್ಯಾಸಿನಿಯರು, ಮನೆವಂತೆಯರು, ಮಕ್ಕಳ ತಾಯಂದಿರು. ಅವರು ರಾಣಿಯರಲ್ಲ. ತಮ್ಮ ಕೈಲಾದಷ್ಟು ಕೊಟ್ಟು ಹೆಸರು ಕೆತ್ತಿಸಿದರು. ಎರಡು ಸಾವಿರ ವರ್ಷ ಕಳೆದರೂ ಆ ಹೆಸರುಗಳು ಅಳಿದಿಲ್ಲ. ಇಡೀ ಲಿಪಿಯ ಬೀಗ ತೆರೆದದ್ದು ಇಂಥ ಸಾಮಾನ್ಯ ಜನರ ಸಣ್ಣ ಬರಹಗಳಿಂದಲೇ.

ಆಮೇಲೆ ದೆಹಲಿಯ ಕಂಬ ಓದಿದರು. ಅದು ಭೀಮನ ಕೋಲಲ್ಲ. 'ದೇವಾನಂಪಿಯ ಪಿಯದಸಿ' ಎಂಬ ರಾಜನ ಮಾತು. ಅದೇ ವರ್ಷ ಶ್ರೀಲಂಕಾದಲ್ಲಿ ಜಾರ್ಜ್ ಟರ್ನರ್ ಎಂಬುವನು ಹಳೆಯ ಪಾಳಿ ಪುಸ್ತಕ ಓದಿ, ಪಿಯದಸಿ ಅಂದರೆ ಅಶೋಕ ಅಂತ ತೋರಿಸಿದ. ಮರೆತೇ ಹೋಗಿದ್ದ ರಾಜ ಮತ್ತೆ ಸಿಕ್ಕಿದ. ಅಲಹಾಬಾದಿನ ಕಂಬದಲ್ಲಿ ಅಶೋಕನ ಎರಡನೇ ರಾಣಿ ಕಾರುವಾಕಿಯ ವಿಷಯ ಇದೆ. ಅವಳು ಕೊಟ್ಟ ಮಾವಿನ ತೋಪು, ತೋಟ, ಛತ್ರ ಎಲ್ಲವನ್ನೂ ಅವಳ ಹೆಸರಿಗೇ ಬರೆಯಬೇಕು ಅಂತ ಅಪ್ಪಣೆ!

ಇದೆಲ್ಲ ಒಬ್ಬನ ಕೆಲಸ ಅಲ್ಲ. ಪ್ರಿನ್ಸೆಪ್‌ಗೆ ಕಮಲಾಕಾಂತ ಎಂಬ ಪಂಡಿತರು ನೆರವಾದರು. ಬೇರೆಯವರು ನಕಲು ಮಾಡಿ ಕಳಿಸಿದರು. ಹಗಲೂ ರಾತ್ರಿ ದುಡಿದ ಪ್ರಿನ್ಸೆಪ್ 1838ರಲ್ಲಿ ಕಾಯಿಲೆ ಬಿದ್ದ. 1840ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 40 ವರ್ಷ.

ನಮ್ಮ ನಾಡಿನಲ್ಲೂ ಈ ಕೆಲಸ ನಡೆಯಿತು. ಬಿ. ಎಲ್. ರೈಸ್ ಎಂಬುವರು 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸೀಮೆಯ ಊರೂರು ಸುತ್ತಿ, ಸುಮಾರು 9 ಸಾವಿರ ಶಾಸನಗಳನ್ನು 12 ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ನಿಜ ಹೇಳಬೇಕು ಅಂತ ಅದರಲ್ಲಿದೆ. ಕೆಳಗೆ ಬರೆದವನ ಹೆಸರೂ ಇದೆ, ಚಪಡ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಟರ್ನರ್ ಹೇಳಿದ್ದು ಸರಿ ಅಂತ ಕನ್ನಡ ನೆಲದ ಕಲ್ಲು ಸಾಕ್ಷಿ ಹೇಳಿತು.

ತಾಯಂದಿರೇ, ಅಷ್ಟು ಓದಿದವರೂ ಎರಡು ಅಕ್ಷರದಿಂದಲೇ ಶುರು ಮಾಡಿದರು. ನಾವು 'ದ', 'ನ' ಎರಡನ್ನೂ ಕಲಿತಿದ್ದೇವೆ. ಇನ್ನು ಮೇಲೆ ಪಹಣಿಯಲ್ಲಿ ಯಾರ ಹೆಸರಿದೆ, ಪಾಸ್‌ಬುಕ್ಕಿನಲ್ಲಿ ಎಷ್ಟು ಹಣ ಇದೆ ಅಂತ ಇನ್ನೊಬ್ಬರು ಹೇಳಿದ್ದನ್ನೇ ನಂಬಿ ಕೂರೋದು ಬೇಡ. ನಾವೇ ಓದೋಣ. ಹೆಬ್ಬೆಟ್ಟಿನ ಜಾಗದಲ್ಲಿ ಹೆಸರು ಬರೆಯೋಣ.

ಊರಿನಲ್ಲಿ ಶಾಸನದ ಕಲ್ಲು ಇದ್ದರೆ ಅದರ ಮೇಲೆ ಬಟ್ಟೆ ಒಗೆಯೋದು ಬೇಡ. ಸುಣ್ಣ ಬಳಿಯೋದು ಬೇಡ. ನಿಧಿ ಅಂತ ಅಗೆಯೋಕೆ ಬಂದವರನ್ನ ತಡೆಯೋಣ. ಅಕ್ಷರವೇ ಅದರ ನಿಧಿ.

ಕೂಡಿ ಮಾತಾಡೋಣ:
ನಿಮ್ಮೂರಲ್ಲಿ ಅಕ್ಷರ ಇರುವ ಹಳೆಯ ಕಲ್ಲು ಎಲ್ಲಿದೆ?
ನಿಮ್ಮ ಮನೆಯ ಯಾವ ಯಾವ ಕಾಗದದಲ್ಲಿ ನಿಮ್ಮ ಹೆಸರಿದೆ? ಹುಡುಕಿ, ಓದಿ ಬನ್ನಿ.