ಕಾರಿಲ್ಲದ ದಾರಿಯಲ್ಲಿ ಮಕ್ಕಳೊಡನೆ ಮೂರು ದಿನ

(ಕೂಟದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯ ದಂಪತಿಗಳನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲು ಇವುಗಳ ಮಾತು ಬರುತ್ತದೆಂದು ಸಮಿತಿಯವರು ಎಣಿಸಿದ್ದರು. ಇನ್ನು ಅರ್ಧ ಗಂಟೆಯಲ್ಲಿ ಹೋಳಿಗೆ ಬಡಿಸುವವರಿದ್ದಾರೆ. ಆ ಹೊತ್ತಿನಲ್ಲಿ ಅಂಥ ಮಾತಾಡುವ ಧೈರ್ಯ ನಮಗಿಲ್ಲ. ಆದ್ದರಿಂದ ಚಿಕ್ಕ ಮಕ್ಕಳನ್ನು ಕರೆದುಕೊಂಡು ಎರಡು ಮೂರು ದಿನದ ಸೈಕಲ್ ಪ್ರವಾಸ ಹೋಗುವುದು ಹೇಗೆ ಎಂದು ಹೇಳುತ್ತೇವೆ. ಮಾತು ಒಬ್ಬರದಾದರೂ ಅನುಭವ ಇಬ್ಬರದು. ಹಾಗಾಗಿ ‘ನಾವು’ ಎಂದೇ ಹೇಳುವೆವು.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಮಗಳಿಗೆ ಎಂಟು ತುಂಬುವವರೆಗೆ ನಾವು ಸೈಕಲ್ ಕೊಡಿಸಿರಲಿಲ್ಲ. ರೆಸಿಡೆನ್ಸಿಯ ದಿನಗಳಲ್ಲಿ ಒಂದು ರಾತ್ರಿ ಎಮರ್ಜೆನ್ಸಿಗೆ ಒಬ್ಬ ಹುಡುಗನನ್ನು ತಂದರು. ಮನೆಯ ಮುಂದಿನ ರಸ್ತೆ, ಸೈಕಲ್ಲು, ತಿರುವಿನಲ್ಲಿ ಬಂದ ಕಾರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಅದಕ್ಕಿಂತ ಹೆಚ್ಚು ಈ ಶುಭ ದಿನದಂದು ಹೇಳುವುದಿಲ್ಲ. ಆ ರಾತ್ರಿಯ ನಂತರ ಸೈಕಲ್ ಎಂದರೆ ನಮಗೆ ಆ ಹುಡುಗನೇ ಕಣ್ಣ ಮುಂದೆ ಬರುತ್ತಿದ್ದ. ಮಗಳು ಕೇಳಿದಾಗಲೆಲ್ಲ ‘ಮುಂದಿನ ವರ್ಷ’ ಎನ್ನುತ್ತಿದ್ದೆವು.

ಊರಿನಿಂದ ಬಂದ ಅವಳ ಅಜ್ಜ ಇದನ್ನು ನೋಡಿ ಒಂದು ದಿನ ಕೇಳಿದರು: “ಅಲ್ಲಪ್ಪಾ, ನೀನು ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ತುಳಿದು, ಮೊಣಕಾಲೆಲ್ಲ ಕೆತ್ತಿಸಿಕೊಂಡು ಬರ್ತಿದ್ದೆಯಲ್ಲ, ನಿನ್ನನ್ನು ನಾವು ತಡೆದೆವೇ?” ಉತ್ತರ ಕೊಡಲಾಗಲಿಲ್ಲ. ಅಂದಿನ ನಮ್ಮೂರ ಬೀದಿಯಲ್ಲಿ ಎದುರಾಗುತ್ತಿದ್ದುದು ಎತ್ತಿನ ಗಾಡಿ. ಇಲ್ಲಿ ಎದುರಾಗುವುದು ನಲವತ್ತು ಮೈಲಿ ವೇಗದ ವಾಹನ. ಹಾಗಾದರೆ ಕಾರೇ ಇಲ್ಲದ ದಾರಿ ಈ ದೇಶದಲ್ಲಿ ಇಲ್ಲವೇ ಎಂದು ಹುಡುಕಲು ಹೊರಟೆವು.

ಇದೆ, ಬೇಕಾದಷ್ಟಿದೆ. ಅಮೆರಿಕದಲ್ಲಿ ರೈಲು ನಿಂತುಹೋದ ಹಳೆಯ ಹಾದಿಗಳನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡಲು 1983ರಲ್ಲಿ ಕಾನೂನಿನಲ್ಲೇ ಅವಕಾಶ ಮಾಡಿದರು. ರೈಲಿನ ಎಂಜಿನ್ನು ಕಡಿದಾದ ಏರು ಹತ್ತಲಾರದು. ಹಾಗಾಗಿ ಆ ಹಾದಿಗಳೆಲ್ಲ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತವೆ. ಎಂಜಿನ್ನಿಗೆ ಒಪ್ಪಿದ್ದು ಐದು ವರ್ಷದ ಕಾಲಿಗೂ ಒಪ್ಪುತ್ತದೆ.

ನಾವು ಆರಿಸಿಕೊಂಡದ್ದು ಗ್ರೇಟ್ ಅಲಿಗೇನಿ ಪ್ಯಾಸೇಜ್ ಎಂಬ ದಾರಿ. ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್‌ನಿಂದ ಪಿಟ್ಸ್‌ಬರ್ಗ್‌ವರೆಗೆ 150 ಮೈಲಿ. 1986ರಲ್ಲಿ ಒಹಾಯೋಪೈಲ್ ಎಂಬ ಊರಿನ ಬಳಿ ಮೊದಲ ತುಂಡು ತೆರೆಯಿತು. ಪೂರ್ತಿ ದಾರಿ ಮುಗಿದದ್ದು 2013ರಲ್ಲಿ. ಹೆಚ್ಚಿನ ಭಾಗ ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ ನೆಲ. ನಮ್ಮಲ್ಲಿ ಅನೇಕರು ಪಿಟ್ಸ್‌ಬರ್ಗ್ ವೆಂಕಟೇಶ್ವರನ ದರ್ಶನಕ್ಕೆ ಹೋಗಿ, ಪುಳಿಯೋಗರೆ ತಿಂದು, ಅದೇ ಹೆದ್ದಾರಿಯಲ್ಲಿ ಹಿಂತಿರುಗುತ್ತೀರಿ. ದೇವಸ್ಥಾನದಿಂದ ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಮುಂದೆ ಹೋದರೆ ಈ ದಾರಿಯ ಅತ್ಯಂತ ಸುಂದರವಾದ ಭಾಗ ಸಿಗುತ್ತದೆ.

2022ರ ಬೇಸಿಗೆಯಲ್ಲಿ ನಾವು ಮಾಡಿದ ಮೊದಲ ಪ್ರವಾಸ ಸಂಪೂರ್ಣ ವಿಫಲವಾಯಿತು. ಮಗಳಿಗೆ ಎಂಟು, ಮಗನಿಗೆ ನಾಲ್ಕು. ನಕ್ಷೆ ಬಿಡಿಸಿ, ಡ್ಯೂಟಿ ಪಟ್ಟಿ ಬರೆದಂತೆ ಯೋಜನೆ ಬರೆದೆವು: ಮೊದಲ ದಿನ ಮೈಯರ್ಸ್‌ಡೇಲಿನಿಂದ ಕಾನ್‌ಫ್ಲುಯೆನ್ಸಿಗೆ, ಸುಮಾರು 30 ಮೈಲಿ. ಎರಡು ಮೈಲಿ ಹೋಗುವಷ್ಟರಲ್ಲಿ ಸಾಲ್ಸ್‌ಬರಿ ವಯಡಕ್ಟ್ ಬಂತು. ಸುಮಾರು 1,900 ಅಡಿ ಉದ್ದ, ನೂರು ಅಡಿ ಎತ್ತರದ ಹಳೆಯ ರೈಲು ಸೇತುವೆ. ಕೆಳಗೆ ಹೊಲ, ನದಿ, ಹೆದ್ದಾರಿ, ಈಗಲೂ ಓಡುವ ರೈಲು. ಮಗಳು ಸೈಕಲ್ ನಿಲ್ಲಿಸಿ “ಅಪ್ಪಾ, ರೈಲು ಬರೋವರೆಗೂ ಇರೋಣ” ಎಂದಳು. ನಾವು ಗಡಿಯಾರ ನೋಡಿ, ಬೇಡ, ತಡವಾಗುತ್ತದೆ ಎಂದೆವು. 12 ಮೈಲಿ ಕಳೆದು ರಾಕ್‌ವುಡ್ ಬರುವಾಗ ಮಳೆ ಹಿಡಿಯಿತು. ಮಗಳು ಸೈಕಲ್ಲನ್ನು ಹುಲ್ಲಿನ ಮೇಲೆ ಕೆಡವಿ, ಅದರ ಪಕ್ಕದಲ್ಲೇ ಕೂತು ಅತ್ತಳು. “ನನಗೆ ಈ ರಜೆ ಬೇಡ” ಎಂದಳು. ಬಾಡಿಗೆ ವ್ಯಾನು ಕರೆಸಿ ಉಳಿದ 18 ಮೈಲಿ ಅದರಲ್ಲೇ ಹೋದೆವು. ವ್ಯಾನಿನಲ್ಲಿ ಮಕ್ಕಳಿಬ್ಬರೂ ನಿದ್ದೆ ಹೋದರು, ನಾವಿಬ್ಬರೂ ಮಾತಾಡಲಿಲ್ಲ. ಆಸ್ಪತ್ರೆಯ ಅವಸರವನ್ನು ಹಾದಿಯವರೆಗೂ ಹೊತ್ತು ತಂದಿದ್ದೆವು.

ಮರುವರ್ಷ ಯೋಜನೆಯನ್ನು ಮಕ್ಕಳ ಲೆಕ್ಕದಲ್ಲಿ ಬರೆದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಕಾಲು ಇದ್ದಷ್ಟು ದಾರಿ. ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ದೂರ. ನಿಲ್ಲುವ ಹೊತ್ತನ್ನೂ ಸೇರಿಸಿದರೆ ಗಂಟೆಗೆ ಮೂರು ನಾಲ್ಕು ಮೈಲಿಗಿಂತ ಹೆಚ್ಚು ನಮ್ಮ ಸಂಸಾರ ಸಾಗುವುದಿಲ್ಲ. ದಿನಕ್ಕೆ ಹತ್ತು ಮೈಲಿ ಸಾಕು. ಹೊರಡುವ ಮುನ್ನ ಎರಡು ಮೂರು ಭಾನುವಾರ ಹತ್ತಿರದ ಪಾರ್ಕಿನಲ್ಲಿ ಅಭ್ಯಾಸ ಮಾಡಿಸಿ, ಮಗು ನಗುನಗುತ್ತಾ ಎಷ್ಟು ದೂರ ಹೋಯಿತೋ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ.

ಎರಡನೆಯದು, ದಿಕ್ಕು. ಕಂಬರ್‌ಲ್ಯಾಂಡಿನಿಂದ ಹೊರಟರೆ ಮೊದಲ 24 ಮೈಲಿಯಲ್ಲೇ 1,700 ಅಡಿಗೂ ಹೆಚ್ಚು ಏರಬೇಕು. 2,392 ಅಡಿ ಎತ್ತರದಲ್ಲಿ ಜಲವಿಭಜಕದ ನೆತ್ತಿ. ನಮ್ಮ ಪಶ್ಚಿಮ ಘಟ್ಟದ ಮಳೆ ಒಂದು ಕಡೆ ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೂ ಇನ್ನೊಂದು ಕಡೆ ಹೇಮಾವತಿಯಾಗಿ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೂ ಹೋಗುವಂತೆ, ಇಲ್ಲಿನ ಮಳೆ ಒಂದು ಕಡೆ ಅಟ್ಲಾಂಟಿಕ್ಕಿಗೆ, ಇನ್ನೊಂದು ಕಡೆ ಮಿಸಿಸಿಪ್ಪಿಯ ಮೂಲಕ ಮೆಕ್ಸಿಕೋ ಕೊಲ್ಲಿಗೆ. ಆ ನೆತ್ತಿಯ ಪಶ್ಚಿಮಕ್ಕೆ, ಪಿಟ್ಸ್‌ಬರ್ಗಿನತ್ತ ಮುಖ ಮಾಡಿ ಹೊರಟರೆ ಬಹುಪಾಲು ಮೆಲ್ಲನೆಯ ಇಳಿಜಾರು. ಚಿಕ್ಕ ಮಕ್ಕಳಿದ್ದರೆ ಆ ದಿಕ್ಕೇ ಸರಿ. ಮೇ ತಿಂಗಳಿನಿಂದ ಅಕ್ಟೋಬರ್ ಒಳ್ಳೆಯ ಕಾಲ. ನೆತ್ತಿಯ ಬಳಿ 3,300 ಅಡಿ ಉದ್ದದ ಬಿಗ್ ಸ್ಯಾವೇಜ್ ಸುರಂಗವಿದೆ. ಹಿಮದಿಂದ ಕಾಪಾಡಲು ಚಳಿಗಾಲದಲ್ಲಿ ಅದನ್ನು ಮುಚ್ಚಿರುತ್ತಾರೆ.

ಮೂರನೆಯದು, ಮೂರು ದಿನವೂ ಒಂದೇ ಕಡೆ ತಂಗುವುದು. ಪ್ರತಿ ರಾತ್ರಿ ಹೊಸ ಕೋಣೆ, ಹೊಸ ಗಂಟುಮೂಟೆ ಬೇಡ. ನಾವು ಕಾನ್‌ಫ್ಲುಯೆನ್ಸಿನಲ್ಲಿ ಬಾಡಿಗೆ ಮನೆ ಹಿಡಿದೆವು. ಆ ಹೆಸರಿನ ಅರ್ಥವೇ ಸಂಗಮ. ಕ್ಯಾಸಲ್‌ಮನ್ ನದಿ, ಲಾರೆಲ್ ಹಿಲ್ ಹಳ್ಳ, ಯಾಕಗೇನಿ ನದಿ ಮೂರೂ ಅಲ್ಲಿ ಕೂಡುತ್ತವೆ. ಟಿ. ನರಸೀಪುರ ನೋಡಿದ್ದ ಮಗಳು “ಇದೂ ತ್ರಿವೇಣಿ ಸಂಗಮವೇ” ಎಂದು ತಮ್ಮನಿಗೆ ಪಾಠ ಹೇಳಿದಳು. ಅಲ್ಲಿಯ ಜನ ಯಾಕಗೇನಿಯನ್ನು ಪ್ರೀತಿಯಿಂದ ‘ಯಾಕ್’ ಎನ್ನುತ್ತಾರೆ. ಇದು ಗೊತ್ತಾದ ಮೇಲೆ ನಮ್ಮ ಮಗ ನದಿ ಕಂಡಾಗಲೆಲ್ಲ “ಯಾಕ್? ಯಾಕ್?” ಎಂದು ಕೂಗಿ ತಾನೇ ನಗುತ್ತಿದ್ದ.

ನಾಲ್ಕನೆಯದು, ಹಿಂತಿರುಗುವ ಉಪಾಯ. ಮೊದಲ ದಿನ ಅದೇ ಸೇತುವೆಗೆ ಹೋಗಿ, ರೈಲು ಬರುವವರೆಗೂ ಕಾದು, ಬುತ್ತಿ ಬಿಚ್ಚಿ ಬಂದೆವು. ಎರಡನೆಯ ದಿನ ನದಿಯ ಜೊತೆಜೊತೆಗೆ ಒಹಾಯೋಪೈಲಿಗೆ, ಸುಮಾರು 11 ಮೈಲಿ. ಮಕ್ಕಳು ಜಲಪಾತ ನೋಡುತ್ತ ಐಸ್‌ಕ್ರೀಮು ತಿನ್ನುವಾಗ ನಮ್ಮಲ್ಲಿ ಒಬ್ಬರು ಒಂಟಿಯಾಗಿ ಹಿಂದಕ್ಕೆ ತುಳಿದು ಹೋಗಿ ಕಾರು ತಂದರು. ಯಾರು ಹೋಗಬೇಕೆಂದು ಚೀಟಿ ಎತ್ತಿ ನಿರ್ಧರಿಸಿದೆವು ಎಂದಷ್ಟೇ ಹೇಳುತ್ತೇವೆ. ಮೂರನೆಯ ದಿನ ಖಾಲಿ. ಮಳೆ ಬಂದರೆ, ಕಾಲು ನೊಂದರೆ, ಇಲ್ಲವೇ ಸುಮ್ಮನೆ ನೀರಿಗೆ ಕಲ್ಲೆಸೆಯಬೇಕೆನಿಸಿದರೆ ಬೇಕಾಗುತ್ತದೆ.

ಇನ್ನು ವೈದ್ಯರಾಗಿ ನಾಲ್ಕು ಮಾತು. ವರ್ಷ ತುಂಬದ ಕೂಸನ್ನು ಸೈಕಲ್ಲಿನಲ್ಲಿ ಒಯ್ಯಬೇಡಿ; ಆ ಕುತ್ತಿಗೆಗೆ ಹೆಲ್ಮೆಟ್ಟಿನ ಭಾರ ತಡೆಯುವ ಶಕ್ತಿ ಬಂದಿರುವುದಿಲ್ಲ. ದೊಡ್ಡವಾದ ಮೇಲೆ, ಹಿಂದಿನ ಸೀಟಿಗಿಂತ ಸೈಕಲ್ಲಿಗೆ ಕಟ್ಟಿ ಎಳೆಯುವ ಎರಡು ಗಾಲಿಯ ಗಾಡಿ ಮೇಲು. ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಹೆಲ್ಮೆಟ್ಟು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಕೂರಬೇಕು, ಗಲ್ಲದ ಪಟ್ಟಿಯಡಿ ಒಂದೇ ಬೆರಳು ಹಿಡಿಸಬೇಕು. ತಲೆಗೆ ಏಟು ಬಿದ್ದ ಮೇಲೆ ಮಗು ವಾಂತಿ ಮಾಡಿದರೆ, ಮಂಕಾದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಬಾಯಾರಿಕೆ ಎನ್ನುವ ಮುಂಚೆಯೇ ನೀರು ಕುಡಿಸಿ. ಪೆನ್ಸಿಲ್ವೇನಿಯಾದ ಹುಲ್ಲಿನಲ್ಲಿ ಲೈಮ್ ರೋಗ ಹರಡುವ ಉಣ್ಣೆಗಳಿವೆ. ಪ್ರತಿ ಸಂಜೆ ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು, ಕೂದಲಿನ ಬುಡ ನೋಡಿ, ಕಂಡರೆ ಚಿಮುಟದಿಂದ ನೇರವಾಗಿ ಎಳೆದು ತೆಗೆಯಿರಿ. ದಾರಿ ಕಾರಿಲ್ಲದ್ದಾದರೂ ಅಲ್ಲಲ್ಲಿ ರಸ್ತೆಯನ್ನು ಅಡ್ಡ ಹಾಯುತ್ತದೆ. ಅಲ್ಲಿ ಎಲ್ಲರೂ ಇಳಿದು, ತಳ್ಳಿಕೊಂಡೇ ದಾಟಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಬುತ್ತಿಗೆ ಚಪಾತಿ, ಚಟ್ನಿಪುಡಿ, ಕೋಡುಬಳೆ ಇರಲಿ. ಮೊಸರನ್ನ ಐಸ್ ಪೆಟ್ಟಿಗೆಯಲ್ಲಿ ಮಾತ್ರ.

ಕೊನೆಯಲ್ಲಿ ಆ ಎರಡನೆಯ ದಿನದ ಒಂದು ಪ್ರಸಂಗ. ಒಹಾಯೋಪೈಲಿನ ದಾರಿಯಲ್ಲಿ ಮಗಳು, “ನಾನು ಮುಂದೆ ಹೋಗಲಾ?” ಎಂದು ಕೇಳಿದಳು. ಒಂಬತ್ತು ವರ್ಷ ನಾವು ಅವಳಿಗೆ ಹೊರಗೆ ಹೇಳಿದ್ದ ಮಾತುಗಳೆಂದರೆ ನಿಲ್ಲು, ಕೈ ಹಿಡಿದುಕೋ, ನೋಡಿಕೊಂಡು ಬಾ. ಅಂದು ಮೊದಲ ಸಲ, “ಹೋಗು, ಆ ತಿರುವಿನಲ್ಲಿ ಕಾಯುತ್ತಿರು” ಎಂದೆವು. ಅವಳು ಮರಗಳ ನಡುವೆ ಮರೆಯಾದಳು. ತಿರುವಿಗೆ ಬಂದು ನೋಡಿದರೆ ಅಲ್ಲಿ ಯಾರೂ ಇಲ್ಲ. ಒಂದು ಕ್ಷಣ ಎಮರ್ಜೆನ್ಸಿಯ ಆ ರಾತ್ರಿ ಎದೆಗೆ ಬಂದು ಗುದ್ದಿತು. ವೇಗವಾಗಿ ತುಳಿದೆವು. ಇನ್ನೊಂದು ತಿರುವಿನಲ್ಲಿ, ನದಿಗೆ ಮುಖ ಮಾಡಿದ ಬೆಂಚಿನ ಮೇಲೆ, ಹೆಲ್ಮೆಟ್ ತೊಟ್ಟೇ ಕಾಲಾಡಿಸುತ್ತ ಕೂತಿದ್ದಳು. ಬೈಗುಳ ನಾಲಿಗೆಯ ತುದಿಯಲ್ಲಿತ್ತು. “ನೀನು ತಿರುವು ಅಂದೆಯಲ್ಲಪ್ಪಾ, ಇದೂ ತಿರುವೇ ತಾನೆ?” ಎಂದಳು. ಬೈಯಲಿಲ್ಲ. ಪಕ್ಕದಲ್ಲಿ ಕೂತೆವು.

ಕಾರಿಲ್ಲದ ದಾರಿಯ ನಿಜವಾದ ಲಾಭ ಅದು. ವ್ಯಾಯಾಮ ಮನೆಯಲ್ಲೂ ಆಗುತ್ತದೆ, ನದಿಗಳು ಎಲ್ಲೆಲ್ಲೂ ಇವೆ. ಮಗುವಿಗೆ ‘ಹೋಗು’ ಎನ್ನಬಹುದಾದ ಜಾಗಗಳು ಮಾತ್ರ ಕಡಿಮೆ. ಇನ್ನು ಕೆಲವೇ ವರ್ಷಗಳಲ್ಲಿ ಅವರು ನಮ್ಮನ್ನು ಕೇಳದೆಯೇ, ಕಾರಿನಲ್ಲೇ ಹೋಗುತ್ತಾರೆ. ಅದಕ್ಕೆ ಮೊದಲು, ಕೇಳಿ ಹೋಗಿ ತಿರುವಿನಲ್ಲಿ ಕಾಯುವ ವಯಸ್ಸು ಬಹಳ ಚಿಕ್ಕದು. ರಜೆ ಸಿಗಲಿಲ್ಲ, ಆನ್‌ಕಾಲ್ ಇತ್ತು ಎಂದು ನಾವು ಅದರಲ್ಲಿ ಅರ್ಧ ಕಳೆದುಕೊಂಡೆವು. ನೀವು ಕಳೆದುಕೊಳ್ಳಬೇಡಿ.

ಹೋಳಿಗೆ ಬಿಸಿ ಆರುವ ಮುನ್ನ ಮಾತು ಮುಗಿಸುತ್ತೇವೆ.