ಜಾಕಿನ ಜಾತಕ
(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಲಾರಿಯ ಜಾಕಿಗೂ ಏನು ನಂಟು ಎಂದು ತಾವು ಕೇಳಬಹುದು. ಕಳೆದ ವರ್ಷದ ಮಳೆಗಾಲದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ತೂತು ಬಿದ್ದ ಹಂಡೆ, ಮುರಿದ ತೊಟ್ಟಿಲುಗಳ ನಡುವೆ, ಗೋಣಿತಾಟಿನಲ್ಲಿ ಸುತ್ತಿಟ್ಟ ಕಬ್ಬಿಣದ ಜಾಕೊಂದು ಕುಳಿತಿತ್ತು. ನಮ್ಮ ತೀರ್ಥರೂಪರು ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದವರು. ಎರಡನೆಯ ಮಹಾಯುದ್ಧ ಮುಗಿದು ಸೇನೆಯ ಹೆಚ್ಚುವರಿ ವಾಹನಗಳು ಹರಾಜಿಗೆ ಬಂದಾಗ ತೋಟದ ಯಜಮಾನರು ಒಂದು ಜೀಪನ್ನು ಕೊಂಡಿದ್ದರು. ಬಹುಕಾಲ ಅದನ್ನು ಓಡಿಸಿದವರು ನಮ್ಮ ತಂದೆ. 1970ರ ಸುಮಾರಿಗೆ ಜೀಪು ಮಾರಾಟವಾಯಿತು. ಜಾಕು ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ‘ಮಿಲಿಟರಿ ಜೀಪಿನ ಅಸಲಿ ಜಾಕು’ ಎಂದು ನಾವೆಲ್ಲರೂ ನಂಬಿದ್ದೆವು. ಜೀಪು ಹೋದರೂ ಜಾಕು ಏಕೆ ಉಳಿಯಿತೆಂದು ಮಾತ್ರ ಯಾರೂ ವಿಚಾರ ಮಾಡಿರಲಿಲ್ಲ.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ತಂಗಿಯ ಮಗನಿಗೆ ಹಳೆಯ ವಾಹನಗಳ ಗೀಳು. ಅವನು 1943ರ ಜೀಪೊಂದನ್ನು ಗುಜರಿಯಿಂದ ಬಿಡಿಸಿ ತಂದು, ಮೂರು ವರ್ಷ ಹೆಣಗಿ, ಮತ್ತೆ ರಸ್ತೆಗಿಳಿಸಿದ್ದಾನೆ. ಅವನು ಬಂದು, “ಮಾವ, ಗಾಡಿಗೆ ಎಲ್ಲವೂ ಸಿಕ್ಕಿತು, ಅಸಲಿ ಜಾಕು ಒಂದು ಸಿಕ್ಕಲಿಲ್ಲ. ಅಜ್ಜನ ಜಾಕು ನನಗೆ ಕೊಡಿ” ಎಂದ. ಕೊಡಲು ನನ್ನದೇನೂ ಅಡ್ಡಿಯಿರಲಿಲ್ಲ. ಆದರೆ ‘ಅಸಲಿ’ ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ಓಲೆಗರಿಗಳ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಹುಡುಕುವುದರಲ್ಲಿ ಮೂವತ್ತು ವರ್ಷ ಕಳೆದವನಿಗೆ, ಪ್ರಮಾಣವಿಲ್ಲದೆ ಆ ಮಾತನ್ನು ಒಪ್ಪುವ ಅಭ್ಯಾಸವಿಲ್ಲ. “ನೋಡೋಣ, ಇರಪ್ಪ” ಎಂದೆ. ಹೀಗೆ ಆರಂಭವಾಯಿತು ನನ್ನ ಜಾಕು ವ್ಯಾಸಂಗ.

ಜೀಪನ್ನು ಲಾರಿಗಳ ಸಾಲಿಗೆ ಸೇರಿಸಬಹುದೇ ಎಂದು ಕೆಲವರು ಆಕ್ಷೇಪಿಸಬಹುದು. ಅಮೆರಿಕದ ಸೇನೆಯ ಕಾಗದಪತ್ರಗಳಲ್ಲಿ ಅದರ ಅಧಿಕೃತ ನಾಮಧೇಯವೇ ‘ಕಾಲು ಟನ್ನಿನ ಟ್ರಕ್ಕು’. 1941ರಿಂದ 1945ರವರೆಗೆ ವಿಲ್ಲಿಸ್ ಕಂಪನಿ ಸುಮಾರು 3,60,000, ಫೋರ್ಡ್ ಕಂಪನಿ ಸುಮಾರು 2,80,000 ಇಂಥ ಟ್ರಕ್ಕುಗಳನ್ನು ತಯಾರಿಸಿದವು. ನಕ್ಷೆ ಒಂದೇ, ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂಡಬೇಕೆಂಬುದು ಸೇನೆಯ ಕಟ್ಟಳೆ. ಹಿಂಬದಿಯ ಎರಡು ಚಕ್ರಗಳ ಮೇಲ್ಗಡೆ, ಒಂದೊಂದು ಪಕ್ಕದಲ್ಲಿ, ಮುಚ್ಚಳವಿರುವ ಪೆಟ್ಟಿಗೆಯಂಥ ಗೂಡುಗಳಿದ್ದವು. ಅವು ಉಪಕರಣಗಳ ಮನೆ. ದಪ್ಪ ಬಟ್ಟೆಯ ಚೀಲ, ಅದರೊಳಗೆ ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್, ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್, ಬೇರೆ ಬೇರೆ ಅಳತೆಯ ಜೋಡುಬಾಯಿ ಸ್ಪ್ಯಾನರುಗಳು, ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಧನ, ಗಾಲಿಯ ನಟ್ಟು ಬಿಚ್ಚುವ ಸಾಧನ, ಗ್ರೀಸ್ ಗನ್, ಗಾಳಿ ಹೊಡೆಯುವ ಪಂಪು, ಗಾಳಿಯ ಒತ್ತಡ ನೋಡುವ ಮಾಪಕ. ಜೊತೆಗೆ ಒಂದೂವರೆ ಟನ್ ಎತ್ತಬಲ್ಲ ತಿರುಪಿನ ಜಾಕು, ಅದರ ಹಿಡಿ. ಗುದ್ದಲಿಯ ಗೋಜಿಲ್ಲ, ಸಲಿಕೆ, ಕೊಡಲಿಗಳು ಹೊರಗೆ ಎಡಮಗ್ಗುಲಲ್ಲಿ ಪಟ್ಟಿ ಬಿಗಿದುಕೊಂಡು ಇರುತ್ತಿದ್ದವು.

ಇಷ್ಟೆಲ್ಲ ಇದ್ದ ಮೇಲೆ ಇಂದು ಅವು ಸಿಕ್ಕದಿರುವುದೇಕೆ? ಕಾರಣ ಸರಳ. ಇಂಜಿನನ್ನು ಯಾರೂ ಎರವಲು ಕೇಳುವುದಿಲ್ಲ; ಸ್ಪ್ಯಾನರನ್ನು ಎಲ್ಲರೂ ಕೇಳುತ್ತಾರೆ. ವಾಹನದಿಂದ ಸುಲಭವಾಗಿ ಬೇರೆಯಾಗುವ ವಸ್ತು ಮೊದಲು ಬೇರೆಯಾಗುತ್ತದೆ. ಗ್ರಂಥಗಳಲ್ಲಿಯೂ ಹೀಗೆಯೇ: ನಡುವಿನ ಗರಿಗಳು ಉಳಿದಿರುತ್ತವೆ, ಮೊದಲ ಗರಿ, ಕೊನೆಯ ಗರಿಗಳು ಹೋಗಿರುತ್ತವೆ. ಕಳೆದುಹೋದದ್ದರ ಜಾಗಕ್ಕೆ ಕೈಗೆ ಸಿಕ್ಕ ಇನ್ನೊಂದು ಬಂದು ಕೂರುತ್ತದೆ. 1940ರ ದಶಕದ ಕೊನೆಯಿಂದ ನಮ್ಮ ದೇಶದಲ್ಲಿಯೇ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲಂತೂ ಆ ಗಾಡಿಯ ಸಾಮಾನು ಈ ಗಾಡಿಗೆ, ಈ ಗಾಡಿಯದು ಆ ಗಾಡಿಗೆ ಧಾರಾಳವಾಗಿ ಹರಿದಾಡಿತು.

ಹಾಗಾದರೆ ಮೂಲದ್ದನ್ನು ಗುರುತಿಸುವುದು ಹೇಗೆ? ಮೊದಲ ಪ್ರಮಾಣ, ಬರೆದಿಟ್ಟ ಪಟ್ಟಿ. ಸೇನೆ ಪ್ರತಿ ವಾಹನಕ್ಕೂ ಕೈಪಿಡಿಯನ್ನು ಅಚ್ಚು ಹಾಕಿಸುತ್ತಿತ್ತು. ಜೀಪಿನ ಉಪಕರಣಗಳು 1944ರ ಕೈಪಿಡಿಯಲ್ಲಿ ಒಂದೊಂದಾಗಿ ನಮೂದಾಗಿವೆ. ಆದರೆ ಪಟ್ಟಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1942ರಲ್ಲಿ ವಾಹನಗಳ ಹೊಣೆ ಸೇನೆಯ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಯಿತು. ಆದ್ದರಿಂದ ಯಾವ ವರ್ಷದ ಗಾಡಿಗೆ ಯಾವ ವರ್ಷದ ಪಟ್ಟಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಎರಡನೆಯ ಪ್ರಮಾಣ, ಮೈಮೇಲಿನ ಮುದ್ರೆ. ಫೋರ್ಡ್ ಕಂಪನಿ ತನ್ನ ಜೀಪಿನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೆ ಸಹ, ಬಳುಕು ಬರಹದ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಕೆಲವು ಉಪಕರಣಗಳ ಮೇಲೂ ಅದು ಕಾಣುತ್ತದೆ. ಹಾಗೆಂದು ವಾಹನ ಕಂಪನಿಯ ಹೆಸರಿಲ್ಲದ ಸ್ಪ್ಯಾನರ್ ಹುಸಿಯೆಂದು ತಿಳಿಯಲಾಗದು. ಉಪಕರಣಗಳನ್ನು ಮಾಡಿ ಕೊಡುತ್ತಿದ್ದವರು ಬೇರೆಯೇ ಜನ. ಮಂಚಗಳನ್ನೂ ಮಾಡುತ್ತಿದ್ದ ಬಫಲೋ ನಗರದ ಬಾರ್ಕಲೋ, ಕ್ಲೀವ್‌ಲ್ಯಾಂಡಿನ ವ್ಲ್ಚೆಕ್ ಇಂಥ ಹೆಸರುಗಳು. ಈ ವ್ಲ್ಚೆಕ್ 1889ರಲ್ಲಿ ಬೊಹೀಮಿಯಾದಿಂದ ಅಮೆರಿಕಕ್ಕೆ ವಲಸೆ ಹೋದ ಕಮ್ಮಾರ. ಕುಲುಮೆಯಿಂದ ಆರಂಭಿಸಿ ಕಾರ್ಖಾನೆಯ ಒಡೆಯನಾದವನು. ತನ್ನ ಜೀವನಕಥೆಯನ್ನು ತನ್ನ ಚೆಕ್ ಭಾಷೆಯಲ್ಲಿಯೇ ಬರೆದವನು. ಸ್ಪ್ಯಾನರಿನ ಮೇಲೆ ಅವನ ಹೆಸರನ್ನು ಕಂಡಾಗ ಪ್ರತಿಯ ಕೊನೆಯಲ್ಲಿ ಲಿಪಿಕಾರನ ಅಂಕಿತವನ್ನು ಕಂಡಷ್ಟೇ ಸಂತೋಷವಾಯಿತು ನನಗೆ.

ಮೂರನೆಯದು ಅಳತೆ. ಅಮೆರಿಕದ ಸ್ಪ್ಯಾನರಿನ ಮೇಲೆ ಅರ್ಧ ಅಂಗುಲವೆಂದಿದ್ದರೆ ಅದು ಬಾಯಿಯ ಅಗಲ. ಬ್ರಿಟನ್ನಿನ ವಿಟ್‌ವರ್ತ್ ಪದ್ಧತಿಯ ಸ್ಪ್ಯಾನರಿನ ಮೇಲೆ ಅರ್ಧ ಅಂಗುಲವೆಂದಿದ್ದರೆ ಅದು ಬೋಲ್ಟಿನ ದಪ್ಪ. ಬಾಯಿ ಅದಕ್ಕಿಂತ ಎಷ್ಟೋ ಅಗಲ. ಬರೆದ ಅಂಕೆ ಒಂದೇ, ಅರ್ಥ ಬೇರೆ. ಇನ್ನು ಮಿಲಿಮೀಟರಿನ ಅಂಕೆಯಿರುವ ಸ್ಪ್ಯಾನರ್ ಚೀಲದಲ್ಲಿ ಸಿಕ್ಕಿತೋ, ಅದು ನಿಸ್ಸಂದೇಹವಾಗಿ ಪ್ರಕ್ಷಿಪ್ತ. 1956ರ ಕಾಯಿದೆಯ ಅನಂತರ ನಮ್ಮ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿದ ಮೇಲೆ ಯಾರೋ ಸೇರಿಸಿದ್ದು.

ನಾಲ್ಕನೆಯದು ಪೇಟೆಂಟ್ ಸಂಖ್ಯೆ. ಅಮೆರಿಕದಲ್ಲಿ ಹತ್ತು ಲಕ್ಷದ ಪೇಟೆಂಟು 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ ಹೊರಟವು. ಏಳು ಅಂಕೆಗಳ ಸಂಖ್ಯೆ ಎರಡರಿಂದ ಆರಂಭವಾದರೆ ಅದು 1935ಕ್ಕೂ 1961ಕ್ಕೂ ನಡುವಿನದು. ಆದರೆ ಇದು ಪೂರ್ವಮಿತಿಯನ್ನು ಮಾತ್ರ ಹೇಳುತ್ತದೆ. ಕವಿಯೊಬ್ಬ ತನಗಿಂತ ಹಿಂದಿನವನನ್ನು ಸ್ಮರಿಸಿದರೆ ಅವನು ಆತನಿಗಿಂತ ಈಚಿನವನೆಂದಷ್ಟೇ ತಿಳಿಯುವಂತೆ, ಆ ಸಂಖ್ಯೆಗಿಂತ ಜಾಕು ಹಳೆಯದಲ್ಲವೆಂದಷ್ಟೇ ಹೇಳಬಹುದು. ಎಷ್ಟು ಈಚಿನದೆಂದು ಹೇಳಲಾಗದು.

ಐದನೆಯದು ಲೋಹ ಮತ್ತು ಲೇಪ. ಯುದ್ಧಕಾಲದಲ್ಲಿ ಕ್ರೋಮಿಯಂ, ನಿಕಲ್‌ಗಳಿಗೆ ಅಭಾವವಿತ್ತು. ಆ ಕಾಲದ ಸೇನಾ ಉಪಕರಣಗಳು ಹೆಚ್ಚಾಗಿ ಮಂಕು ಮೈಯವು. ಕನ್ನಡಿಯಂತೆ ಹೊಳೆಯುವ ಸ್ಪ್ಯಾನರ್ ಕಂಡರೆ ಸಂತೋಷಪಡುವ ಮೊದಲು ಸಂಶಯಪಡಬೇಕು. ಎರಕದ ವಸ್ತುವಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮೂಲ ಜಾಕನ್ನೇ ಮರಳಿನಲ್ಲಿ ಅಚ್ಚೊತ್ತಿ ನಕಲು ಎರಕ ಹೊಯ್ದರೆ, ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ನಕಲು ಮೂಲಕ್ಕಿಂತ ಚಿಕ್ಕದಾಗುತ್ತದೆ. ಉಬ್ಬು ಅಕ್ಷರಗಳ ಅಂಚು ಮಸಕಾಗುತ್ತದೆ. ಆ ನಕಲಿನಿಂದ ಮತ್ತೊಂದು ನಕಲು ತೆಗೆದರೆ ಇನ್ನೂ ಚಿಕ್ಕದು, ಇನ್ನೂ ಮಸಕು. ಪ್ರತಿಯ ಪ್ರತಿ ಮಾಡುತ್ತ ಹೋದಂತೆ ಅಕ್ಷರಗಳು ಸವೆಯುವುದನ್ನು ಗರಿಯ ಮೇಲೆ ಕಂಡಿದ್ದವನು, ಕಬ್ಬಿಣದ ಮೇಲೂ ಕಂಡು ಬೆರಗಾದೆ.

ಇಷ್ಟು ಸಿದ್ಧತೆ ಮಾಡಿಕೊಂಡು ನಮ್ಮ ಅಟ್ಟದ ಜಾಕನ್ನು ಕೆಳಗಿಳಿಸಿದೆವು. ಸೋದರಳಿಯ ತಂತಿಬ್ರಷ್ಷು ಹಿಡಿದು ಬಂದ. ನಾನು ತಡೆದೆ. ಹಳೆಯ ಬಣ್ಣದ ಪದರವೂ ಸಾಕ್ಷಿಯೇ. ಕೆರೆದ ಮೇಲೆ ಅದು ಮತ್ತೆ ಬರುವುದಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಪಂಚೆಯ ತುಂಡಿನಿಂದ ಜಿಡ್ಡನ್ನು ಮಾತ್ರ ಮೆಲ್ಲಗೆ ಒರೆಸಿದೆವು. ಮೊದಲು ಕಂಡದ್ದು ಉಬ್ಬು ಅಕ್ಷರದ ತೂಕದ ಅಂಕೆ: ಒಂದೂವರೆ ಟನ್ನಲ್ಲ, ಐದು ಟನ್. ಅವನ ಮುಖ ಸಪ್ಪಗಾಯಿತು. ಇನ್ನಷ್ಟು ಒರೆಸಿದಾಗ ಬುಡದ ಬಳಿ ಒಂದು ಸಣ್ಣ ಮುದ್ರೆ: ‘ಸಿ’ ಅಕ್ಷರ, ಅದರ ಹೊಟ್ಟೆಯೊಳಗೆ ಬಾಣದ ಗುರುತು.

ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತಿನ ಹಳೆಯ ಲಾಂಛನ. ಸಿ ಅಕ್ಷರದೊಳಗಿನ ಬಾಣ ಕೆನಡಾದ್ದು. ಯುದ್ಧಕಾಲದಲ್ಲಿ ಕೆನಡಾ ಎಂಟು ಲಕ್ಷಕ್ಕೂ ಮಿಕ್ಕಿ ಸೇನಾ ವಾಹನಗಳನ್ನು ತಯಾರಿಸಿತು. ವಿಂಡ್ಸರಿನ ಫೋರ್ಡ್, ಓಶಾವಾದ ಷೆವರ್ಲೆ ಲಾರಿಗಳು ಭಾರತದ ಸೇನೆಗೂ ಬಂದವು; ಯುದ್ಧಾನಂತರ ಅವೂ ಹರಾಜಾಗಿ ನಮ್ಮ ರಸ್ತೆಗಳಲ್ಲಿ ಸರಕು ಹೊತ್ತವು. ನಮ್ಮ ಜಾಕು ಆ ವಂಶದ್ದು. ಜೀಪಿನದಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಆ ಗುರುತು ಕಾಳಿನಷ್ಟಿದೆ. ಅದನ್ನೂ ಅಂಕೆಯನ್ನೂ ಉಜ್ಜಿ ತೆಗೆದು ಹಸಿರು ಬಣ್ಣ ಹೊಡೆದರೆ ಪ್ರದರ್ಶನದಲ್ಲಿ ಯಾರು ಕೇಳುತ್ತಾರೆ?” ಎಂದ. ಕೆಟ್ಟ ಹುಡುಗನಲ್ಲ, ಮೂರು ವರ್ಷದ ಶ್ರಮ ಒಂದು ಜಾಕಿಗಾಗಿ ಅಪೂರ್ಣವಾಗಿ ಕಂಡಿತು ಅವನಿಗೆ. ನಾನು ಉತ್ತರ ಹೇಳುವುದರೊಳಗೆ, ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ನಮ್ಮ ತಾಯಿಯವರು, “ಅದು ನಮ್ಮದಲ್ಲವಲ್ಲೋ, ಆ ಡ್ರೈವರಿಂದು” ಎಂದರು. ತೊಂಬತ್ತು ದಾಟಿದವರು, ನಿನ್ನೆಯದು ಮರೆತರೂ ಅಂದಿನದು ಮರೆಯರು.

ಅವರು ಹೇಳಿದ್ದು ಇಷ್ಟು. 1965ರ ಆಷಾಢ. ಅವರಿಗೆ ಹೆರಿಗೆಯ ನೋವು ಆರಂಭವಾಗಿ, ನಡುರಾತ್ರಿಯಲ್ಲಿ ತಂದೆಯವರು ಜೀಪಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೊರಟಿದ್ದರು. ಮೂಡಿಗೆರೆ ದಾಟಿದ ಮೇಲೆ ಟಯರು ಒಡೆಯಿತು. ಸ್ಟೆಪ್ನಿ ಇತ್ತು, ಜಾಕು ಇರಲಿಲ್ಲ. ಪಕ್ಕದ ತೋಟದವರು ಎರವಲು ಒಯ್ದು ತಿರುಗಿ ತಂದಿರಲಿಲ್ಲ. ಜಡಿಮಳೆ. ಎಷ್ಟೋ ಹೊತ್ತಿನ ಮೇಲೆ ಮಂಗಳೂರು ಹೆಂಚು ಹೇರಿದ ಲಾರಿಯೊಂದು ಬಂತು. “ಮೂತಿ ಮೊಂಡಾದ ಲಾರಿ ಕಣೋ, ನಾಯಿಮರಿಯ ಹಾಗೆ” ಎಂದರು ತಾಯಿ. ಡ್ರೈವರು ಇಳಿದು ಬಂದ. ಅವನ ಜಾಕು ದೊಡ್ಡದು, ಜೀಪಿನ ಕೆಳಗೆ ಹೋಗದು. ಜೀಪಿನ ಸಲಿಕೆಯಿಂದಲೇ ರಸ್ತೆಯ ಮಣ್ಣನ್ನು ತೋಡಿ, ಚಪ್ಪಡಿ ಕಲ್ಲೊಂದನ್ನು ಇಟ್ಟು, ಅದರ ಮೇಲೆ ಜಾಕನ್ನು ಕೂರಿಸಿ ಚಕ್ರ ಬದಲಿಸಿದನಂತೆ. ಹೊರಡುವಾಗ, ಒಳಗೆ ನರಳುತ್ತಿದ್ದ ತಾಯಿಯನ್ನು ನೋಡಿ, “ಇನ್ನೊಂದು ಟಯರು ಹೋದರೆ ಏನು ಮಾಡುತ್ತೀರಿ ಸ್ವಾಮಿ, ಇದು ನಿಮ್ಮಲ್ಲೇ ಇರಲಿ, ಈ ಕಡೆ ಬಂದಾಗ ಈಸಿಕೊಳ್ಳುತ್ತೇನೆ” ಎಂದು ಜಾಕನ್ನು ಜೀಪಿನಲ್ಲಿಟ್ಟು ಹೋದ. ಆ ಬೆಳಗಿನ ಜಾವ ನನ್ನ ತಂಗಿ ಹುಟ್ಟಿದಳು. ಡ್ರೈವರು ಮತ್ತೆ ಬರಲಿಲ್ಲ. ತಂದೆಯವರು ಹೆಂಚಿನ ಲಾರಿ ಕಂಡಲ್ಲೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದರಂತೆ. ಜೀಪು ಮಾರುವಾಗ, “ಇದು ಗಾಡಿಯ ಸಾಮಾನಲ್ಲ, ಒಬ್ಬರ ಸ್ವತ್ತು” ಎಂದು ಜಾಕನ್ನು ಮನೆಗೆ ತಂದಿಟ್ಟರು.

ಕೆನಡಾದ ಆ ಸೇನಾ ಲಾರಿಗಳ ಮೂತಿ ಮೊಂಡು ಎಂಬುದನ್ನು ಚಿತ್ರಗಳಲ್ಲಿ ಯಾರು ಬೇಕಾದರೂ ನೋಡಬಹುದು. ತಾಯಿ ಆ ಚಿತ್ರಗಳನ್ನು ಕಂಡವರಲ್ಲ, ಮುದ್ರೆಯ ಅರ್ಥ ಬಲ್ಲವರಲ್ಲ. ಕಬ್ಬಿಣದ ಮಾತೂ ತಾಯಿಯ ಮಾತೂ ಕೂಡಿದವು. ಜೀಪು ಹೋದರೂ ಜಾಕು ಏಕೆ ಉಳಿಯಿತೆಂಬ ಪ್ರಶ್ನೆಗೂ ಉತ್ತರ ದೊರೆಯಿತು. ಸೋದರಳಿಯ ಆ ಸಣ್ಣ ಗುರುತಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದ. ಉಜ್ಜುವ ಮಾತನ್ನು ಮತ್ತೆ ಎತ್ತಲಿಲ್ಲ. ಅಂದು ಹುಟ್ಟಿದವಳು ಅವನ ತಾಯಿ.

ಈಗ ಆ ಜಾಕು ಅವನ ಮನೆಯ ಕಪಾಟಿನಲ್ಲಿದೆ, ಜೀಪಿನ ಗೂಡಿನಲ್ಲಿಲ್ಲ. ಅದರ ಪಕ್ಕದಲ್ಲಿ ನಾನು ಬರೆದುಕೊಟ್ಟ ಚೀಟಿಯಿದೆ. ‘ಕೆನಡಾ ಸೇನೆಯ ಮುದ್ರೆಯುಳ್ಳ ಐದು ಟನ್ನಿನ ಜಾಕು. 1965ರಲ್ಲಿ ಲಾರಿಯ ಚಾಲಕನೊಬ್ಬನಿಂದ ಬಂದದ್ದು. ಹಿಂತಿರುಗಿಸಬೇಕಾದದ್ದು.’ ಆ ಜಾಕು ಕಾರ್ಖಾನೆಯಿಂದಲೇ ಆ ಲಾರಿಯೊಡನೆ ಬಂದಿತ್ತೆಂದು ನಾನು ಬರೆದಿಲ್ಲ; ಅದಕ್ಕೆ ಪ್ರಮಾಣವಿಲ್ಲ. ಒಂದು ಮಾದರಿಗೆ ಸೇರಿದ್ದು ಎಂಬುದು ಬೇರೆ, ಒಂದು ಗಾಡಿಯ ಜೊತೆ ಬಾಳಿದ್ದು ಎಂಬುದು ಬೇರೆ. ಮೊದಲನೆಯದನ್ನು ಮುದ್ರೆ ಹೇಳುತ್ತದೆ. ಎರಡನೆಯದನ್ನು ಮನುಷ್ಯರೇ ಹೇಳಬೇಕು, ಹೇಳುವವರು ಇರುವಾಗಲೇ ಕೇಳಿಕೊಳ್ಳಬೇಕು.

ತಮ್ಮ ಅಟ್ಟದ ಮೇಲೆಯೂ ಇಂಥದೇನಾದರೂ ಇದ್ದೀತು. ಇಳಿಸಿ ನೋಡಿ. ಜಿಡ್ಡನ್ನು ಒರೆಸಿ, ಬಣ್ಣವನ್ನು ಕೆರೆಯಬೇಡಿ. ಹಳೆಯ ಜಾಕಿನ ಮೇಲೆ ಗಾಡಿಯನ್ನು ನಿಲ್ಲಿಸಿ ಅದರ ಕೆಳಗೆ ಮಾತ್ರ ನುಸುಳಬೇಡಿ; ಸವೆದ ತಿರುಪಿಗೆ ದಯೆಯಿಲ್ಲ. ಕಂಡ ಅಂಕೆ, ಅಕ್ಷರಗಳನ್ನು ಕಂಡಂತೆಯೇ ಬರೆದಿಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾರದೆಂದು ಒಮ್ಮೆ ಕೇಳಿ.